ಅಕ್ಕನ ಸಾಲು, ತಮ್ಮನ ಸಾಲು, ಅಮ್ಮನ ಫೋನ್ ನಂಬರ್

ಮಕ್ಕಳೇ, ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ನಿಮ್ಮ ಅಪ್ಪನೋ ಅಮ್ಮನೋ ಕನ್ನಡ ಶಾಲೆಯ ನೋಂದಣಿ ಫಾರಂ ತುಂಬುತ್ತಾರೆ. ಮಗುವಿನ ಹೆಸರು, ಹುಟ್ಟಿದ ತಾರೀಖು, ಯಾವ ಕ್ಲಾಸು, ಅಲರ್ಜಿ ಏನಾದರೂ ಇದೆಯಾ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಕಳಿಸಿದ ಮೇಲೆ "ಧನ್ಯವಾದ" ಅಂತ ಒಂದು ಪುಟ ಬರತ್ತೆ, ಅಲ್ಲಿಗೆ ಮುಗೀತು ಅಂದ್ಕೊಂಡು ಎಲ್ಲರೂ ಕಾಫಿ ಕುಡಿಯೋಕೆ ಹೋಗ್ತಾರೆ. ನಿಜವಾದ ಕೆಲಸ ಶುರುವಾಗೋದೇ ಆಮೇಲೆ. ಆ ಮಾಹಿತಿಯೆಲ್ಲ ಶಾಲೆಯ ಡೇಟಾಬೇಸ್ ಒಳಗೆ ಸೇರಬೇಕು. ಒಂದೊಂದೇ ಫಾರಂ ನೋಡಿಕೊಂಡು ಕೈಯಲ್ಲಿ ಟೈಪ್ ಮಾಡೋದಕ್ಕೆ ಯಾವ ಸ್ವಯಂಸೇವಕರಿಗೂ ಪುರುಸೊತ್ತಿಲ್ಲ. ಅದಕ್ಕೆ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿರುತ್ತೇವೆ. ಇಂಥ ಪುಟ್ಟ ಪ್ರೋಗ್ರಾಮನ್ನು ಸ್ಕ್ರಿಪ್ಟ್ ಅಂತಾರೆ. ಅದು ಫಾರಂಗಳನ್ನು ಓದಿ, ಹೊಸಬರನ್ನು ಸೇರಿಸಿ, ಹಳಬರ ವಿವರ ಬದಲಾಗಿದ್ದರೆ ತಿದ್ದತ್ತೆ.

ಇದರಲ್ಲೇನು ಮಹಾ ಅಂತ ಕೇಳಬಹುದು. ಒಂದು ಭಾನುವಾರ ತಿಂಡಿ ಸಮಯ ಅಂದ್ಕೊಳ್ಳಿ. ಒಬ್ಬ ಪುಟ್ಟ ಹುಡುಗ ಪಕ್ಕದವರ ಡಬ್ಬಿಯಿಂದ ಚಟ್ನಿಪುಡಿ ಹಾಕಿದ ಇಡ್ಲಿ ತಿಂದ. ಚಟ್ನಿಪುಡಿಯಲ್ಲಿ ಕಡಲೆಕಾಯಿ ಬೀಜ ಇತ್ತು. ಅವನ ತುಟಿ ಊದಿಕೊಳ್ಳೋಕೆ ಶುರುವಾಯ್ತು. ಟೀಚರ್ ತಮ್ಮ ಫೋನ್‌ನಲ್ಲಿ ಶಾಲೆಯ ಪಟ್ಟಿ ತೆಗೀತಾರೆ. ಆ ಕ್ಷಣ ಅವರಿಗೆ ಬೇಕಾಗಿರೋದು ಎರಡೇ ಸಂಗತಿ: ಈ ಹುಡುಗನಿಗೆ ಯಾವ ಅಲರ್ಜಿ, ಇವನ ಅಮ್ಮನ ನಂಬರ್ ಯಾವುದು. ಈ ಎರಡೂ ಡೇಟಾಬೇಸ್‌ನಲ್ಲಿ ಒಂದೇ ಕಡೆ ಇರೋದಿಲ್ಲ. ಬೇರೆ ಬೇರೆ ಜಾಗದಲ್ಲಿರತ್ತೆ. ಅವನ್ನು ಕೂಡಿಸಿರೋದು ಬರೀ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಸ್ಕ್ರಿಪ್ಟ್ ಹೇಗೆ ಬರೆಯತ್ತೆ, ಎಲ್ಲಿ ಎಡವಬಹುದು ಅನ್ನೋದೇ ಈ ಲೇಖನ.

ಒಂದು ಪುಸ್ತಕ ಸಾಲದೇ?

ಡೇಟಾಬೇಸ್ ಅಂದರೆ ಗೆರೆ ಎಳೆದ ಹಾಜರಿ ಪುಸ್ತಕಗಳ ಒಂದು ಕಪಾಟು ಅಂತ ತಿಳ್ಕೊಳ್ಳಿ. ಒಂದೊಂದು ಪುಸ್ತಕಕ್ಕೆ ಟೇಬಲ್ ಅಂತ ಹೆಸರು. ಟೇಬಲ್‌ನಲ್ಲಿ ಸಾಲುಗಳಿರತ್ತೆ, ಕಾಲಂಗಳಿರತ್ತೆ. ಎಕ್ಸೆಲ್ ಶೀಟ್ ನೋಡಿದ್ದರೆ ಇದು ಅದೇ ಥರ ಕಾಣತ್ತೆ.

ಎಲ್ಲವನ್ನೂ ಒಂದೇ ಶೀಟ್‌ನಲ್ಲಿ ಬರೆದರೆ ಏನಾಗತ್ತೆ? ಒಂದು ಮನೆಯಲ್ಲಿ ಅಕ್ಕ ಪುಟ್ಟಿ, ತಮ್ಮ ಪುಟ್ಟ ಇಬ್ಬರೂ ನಮ್ಮ ಶಾಲೆಗೆ ಬರ್ತಾರೆ ಅನ್ನೋಣ. ಪುಟ್ಟಿಯ ಸಾಲಿನಲ್ಲಿ ಅಮ್ಮನ ಫೋನ್ ನಂಬರ್, ಪುಟ್ಟನ ಸಾಲಿನಲ್ಲಿ ಮತ್ತೆ ಅದೇ ನಂಬರ್. ಅಮ್ಮ ನಂಬರ್ ಬದಲಾಯಿಸಿದರು, ಪುಟ್ಟಿಯ ಟೀಚರಿಗೆ ತಿಳಿಸಿದರು. ಪುಟ್ಟಿಯ ಸಾಲು ತಿದ್ದಿದ್ದಾಯ್ತು. ಪುಟ್ಟನ ಸಾಲಿನಲ್ಲಿ ಹಳೇ ನಂಬರೇ ಉಳೀತು. ಈಗ ಒಬ್ಬಳೇ ಅಮ್ಮನಿಗೆ ಎರಡು ನಂಬರ್! ಯಾವುದು ಸರಿ ಅಂತ ಶೀಟ್ ನೋಡಿದವರಿಗೆ ಹೇಗೆ ಗೊತ್ತಾಗಬೇಕು? ತುಟಿ ಊದಿಕೊಂಡವನು ಪುಟ್ಟನೇ ಆಗಿದ್ದರೆ?

ಇದಕ್ಕೆ ದಾರಿ ತೋರಿಸಿದವರು ಎಡ್ಗರ್ ಕಾಡ್ ಅನ್ನೋ ಇಂಗ್ಲೆಂಡ್ ಮೂಲದ ಗಣಿತಜ್ಞ. ಅವರು ಕೆಲಸ ಮಾಡುತ್ತಿದ್ದದ್ದು ಇಲ್ಲೇ, ನಾವಿರೋ ಇದೇ ಕಣಿವೆಯಲ್ಲಿ, ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿ. 1970ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧದಿಂದ "ರಿಲೇಷನಲ್ ಡೇಟಾಬೇಸ್" ಅನ್ನೋದು ಹುಟ್ಟಿತು. ಅದನ್ನು ಬೆಳೆಸಿದವರು ಆಮೇಲೆ ಹೇಳಿಕೊಟ್ಟ ಒಂದು ಮುಖ್ಯ ಪಾಠ ಹೀಗಿದೆ: ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಬರೆಯಿರಿ, ಬೇರೆ ಕಡೆ ಬೇಕಾದರೆ ಅಲ್ಲಿಂದ ಬೊಟ್ಟು ಮಾಡಿ ತೋರಿಸಿ. 1981ರಲ್ಲಿ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅದು ಕಂಪ್ಯೂಟರ್ ವಿಜ್ಞಾನದ ನೊಬೆಲ್ ಇದ್ದ ಹಾಗೆ. ಅದೇ ಸಂಶೋಧನಾಲಯದಲ್ಲಿ 1974ರ ಹೊತ್ತಿಗೆ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅನ್ನೋ ಇಬ್ಬರು ಇಂಥ ಟೇಬಲ್‌ಗಳ ಜೊತೆ ಮಾತಾಡೋಕೆ ಒಂದು ಭಾಷೆ ರೂಪಿಸಿದರು. ಅದೇ ಇವತ್ತಿನ ಎಸ್‌ಕ್ಯೂಎಲ್. ನಿಮ್ಮ ಮನೆಯಲ್ಲಿ ಸಾಫ್ಟ್‌ವೇರ್ ಕೆಲಸದವರು ಯಾರಾದರೂ ಇದ್ದರೆ ಅದನ್ನು "ಸೀಕ್ವೆಲ್" ಅಂತ ಕರೆಯೋದು ಕೇಳಿರುತ್ತೀರಿ. ಅದರ ಮೊದಲ ಹೆಸರು ನಿಜವಾಗಿಯೂ ಸೀಕ್ವೆಲ್ಲೇ ಆಗಿತ್ತು. ಆ ಹೆಸರು ಆಗಲೇ ಬೇರೆಯವರ ಟ್ರೇಡ್‌ಮಾರ್ಕ್ ಆಗಿದ್ದರಿಂದ ಚಿಕ್ಕದು ಮಾಡಿದರು.

ಹಾಗಾಗಿ ನಮ್ಮ ಕಪಾಟಿನಲ್ಲಿ ಎರಡು ಟೇಬಲ್. ಒಂದು ಕುಟುಂಬಗಳದ್ದು: ಅಮ್ಮ ಅಪ್ಪನ ಹೆಸರು, ಫೋನ್, ಇಮೇಲ್. ಇನ್ನೊಂದು ಮಕ್ಕಳದ್ದು: ಹೆಸರು, ಹುಟ್ಟಿದ ತಾರೀಖು, ಅಲರ್ಜಿ. ಫೋನ್ ನಂಬರ್ ಕುಟುಂಬದ ಸಾಲಿನಲ್ಲಿ ಒಂದೇ ಸಲ ಇರತ್ತೆ. ಅಲ್ಲಿ ತಿದ್ದಿದರೆ ಅಕ್ಕನಿಗೂ ಆಯ್ತು, ತಮ್ಮನಿಗೂ ಆಯ್ತು.

ಹೆಸರಿನಿಂದ ಕಟ್ಟಿದರೆ ಯಾಕಾಗಲ್ಲ?

ಮಗುವಿನ ಸಾಲು ಯಾವ ಕುಟುಂಬಕ್ಕೆ ಸೇರಿದ್ದು ಅಂತ ಹೇಳೋಕೆ ಅಪ್ಪನ ಹೆಸರು ಬರೆದರೆ ಸಾಕಲ್ವಾ? ಬೇರೆಯವರಿಗೆ ಸಾಕೋ ಏನೋ, ಕನ್ನಡದವರಿಗಂತೂ ಸಾಲೋದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸರ್‌ನೇಮ್ ಅನ್ನೋದೇ ಇಲ್ಲ. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ತಮ್ಮ ಹೆಸರು. ಈ ದೇಶಕ್ಕೆ ಬಂದ ಮೇಲೆ ಕೆಲವರಿಗೆ ಅಪ್ಪನ ಹೆಸರೇ ಲಾಸ್ಟ್ ನೇಮ್ ಆಗತ್ತೆ, ಕೆಲವರಿಗೆ ಊರು, ಕೆಲವರಿಗೆ ಆ ಇನಿಷಿಯಲ್ಲೇ. ಒಂದೇ ಮನೆಯ ನಾಲ್ಕು ಜನಕ್ಕೆ ಮೂರು ಲಾಸ್ಟ್ ನೇಮ್ ಇರೋದು ನಮಗೆ ವಿಶೇಷವೇ ಅಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗಿರತ್ತೆ. "ಮೊದಲ ಹೆಸರು ಗೊತ್ತಿಲ್ಲ" ಅಂತ ಅದರರ್ಥ. ಹೆಸರಿನಿಂದ ಹುಡುಕಿದರೆ ಈ ಎಫ್‌ಎನ್‌ಯು ಅನ್ನೋರೆಲ್ಲ ಒಂದೇ ಮನೆಯವರಾಗಿಬಿಡ್ತಾರೆ! ಸ್ಪೆಲ್ಲಿಂಗ್ ಕಥೆ ಕೇಳಲೇಬೇಡಿ. ಲಕ್ಷ್ಮೀ ಅನ್ನೋದನ್ನ ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆಯೋರಿದ್ದಾರೆ, ಎಕ್ಸ್ ಹಾಕಿ ಬರೆಯೋರೂ ಇದ್ದಾರೆ. ಹೋದ ವರ್ಷ ಒಂದು ಥರ, ಈ ವರ್ಷ ಇನ್ನೊಂದು ಥರ ಬರೆಯೋರೂ ಇಲ್ಲದಿಲ್ಲ.

ಅದಕ್ಕೇ ಪ್ರತಿ ಕುಟುಂಬಕ್ಕೂ ಡೇಟಾಬೇಸ್ ತಾನೇ ಒಂದು ಸಂಖ್ಯೆ ಕೊಡತ್ತೆ. ಪುಟ್ಟಿ ಪುಟ್ಟರ ಕುಟುಂಬಕ್ಕೆ 41 ಸಿಕ್ಕಿತು ಅನ್ನಿ. ಇದು ಕುಟುಂಬದ ಪ್ರೈಮರಿ ಕೀ. ಮಕ್ಕಳ ಟೇಬಲ್‌ನಲ್ಲಿ "ಕುಟುಂಬ ಸಂಖ್ಯೆ" ಅಂತ ಒಂದು ಕಾಲಂ ಇಟ್ಟು ಪುಟ್ಟಿಯ ಸಾಲಿನಲ್ಲಿ 41, ಪುಟ್ಟನ ಸಾಲಿನಲ್ಲಿ 41 ಅಂತ ಬರೀತೀವಿ. ಬೇರೆ ಟೇಬಲ್‌ನ ಕೀ ಇಲ್ಲಿಗೆ ಬಂದು ಕೂತಿದೆ ಅಂತ ಇದಕ್ಕೆ ಫಾರಿನ್ ಕೀ ಅನ್ನುತ್ತಾರೆ. ನಾವು ಫಾರಿನ್‌ನಲ್ಲಿ ಇದ್ದೀವಿ ಅಂತ ಇಟ್ಟ ಹೆಸರಲ್ಲ! ಹೆಸರು ಬದಲಾಗಲಿ, ಫೋನ್ ಬದಲಾಗಲಿ, ಮನೆ ಬದಲಾಗಲಿ, 41 ಬದಲಾಗೋದಿಲ್ಲ.

ಮೊದಲು ಚೀಟಿ, ಆಮೇಲೆ ದೋಸೆ

ಈಗ ಸ್ಕ್ರಿಪ್ಟ್ ಕೆಲಸ ನೋಡೋಣ. ಬೆಂಗಳೂರಿನ ದರ್ಶಿನಿಗೆ ಹೋಗಿದ್ದೀರಲ್ವಾ? ನೇರವಾಗಿ ದೋಸೆ ಕೌಂಟರಿಗೆ ಹೋಗಿ ನಿಂತರೆ "ಬಿಲ್ ತಗೊಂಡ್ ಬನ್ನಿ" ಅಂತಾರೆ. ಮೊದಲು ಕ್ಯಾಷಿಯರ್ ಹತ್ತಿರ ದುಡ್ಡು ಕೊಟ್ಟು ಚೀಟಿ ತಗೋಬೇಕು, ಆ ಚೀಟಿ ಕೊಟ್ಟರೆ ದೋಸೆ. ಇಲ್ಲೂ ಹಾಗೇ. ಮಗುವಿನ ಸಾಲು ಬರೆಯೋಕೆ ಕುಟುಂಬ ಸಂಖ್ಯೆ ಬೇಕು. ಕುಟುಂಬದ ಸಾಲು ಬರೆಯೋವರೆಗೂ ಆ ಸಂಖ್ಯೆ ಹುಟ್ಟಿಯೇ ಇರೋದಿಲ್ಲ. ಆದ್ದರಿಂದ ಮೊದಲು ಕುಟುಂಬ, ಆಮೇಲೆ ಮಕ್ಕಳು.

ಹೊಸ ಸಾಲು ಸೇರಿಸೋ ಆಜ್ಞೆ ಇನ್ಸರ್ಟ್. ಇರೋ ಸಾಲು ತಿದ್ದೋ ಆಜ್ಞೆ ಅಪ್‌ಡೇಟ್. ಟೈಪ್ ಮಾಡುವಾಗ ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೀಬೇಕು, ಇಲ್ಲಿ ಕನ್ನಡದಲ್ಲಿ ಹೇಳ್ತಾ ಇದ್ದೀನಿ. ಸ್ಕ್ರಿಪ್ಟ್ ಕುಟುಂಬದ ಟೇಬಲ್‌ಗೆ ಇನ್ಸರ್ಟ್ ಮಾಡತ್ತೆ. ಡೇಟಾಬೇಸ್ 41 ಅನ್ನೋ ಸಂಖ್ಯೆ ಕೊಡತ್ತೆ. ಸ್ಕ್ರಿಪ್ಟ್ ಆ ಸಂಖ್ಯೆಯನ್ನು ಕೇಳಿ ತಗೊಂಡು ನೆನಪಿಟ್ಟುಕೊಳ್ಳಬೇಕು. ಪೈಥಾನ್‌ನಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಜೊತೆ ಕೆಲಸ ಮಾಡುವಾಗ ಅದು "ಲಾಸ್ಟ್‌ರೋಐಡಿ" ಅನ್ನೋ ಹೆಸರಿನಲ್ಲಿ ಸಿಗತ್ತೆ. ಪೋಸ್ಟ್‌ಗ್ರೆಸ್‌ನಲ್ಲಾದರೆ ಇನ್ಸರ್ಟ್ ಆಜ್ಞೆಯ ಕೊನೆಗೇ "ರಿಟರ್ನಿಂಗ್" ಅಂತ ಸೇರಿಸಿ ಕೇಳಬಹುದು. ಆ 41 ಹಿಡ್ಕೊಂಡು ಮಕ್ಕಳ ಟೇಬಲ್‌ಗೆ ಎರಡು ಇನ್ಸರ್ಟ್: ಪುಟ್ಟಿ, 41. ಪುಟ್ಟ, 41.

ಮಿಡಲ್ ಸ್ಕೂಲಿನಲ್ಲಿ ಪೈಥಾನ್ ಕಲೀತಿರೋ ಚುರುಕು ಮಕ್ಕಳು ಒಂದು ಅಡ್ಡದಾರಿ ಹೇಳಬಹುದು: "ಸಂಖ್ಯೆ ಕೇಳೋದ್ಯಾಕೆ ಅಂಕಲ್, ಟೇಬಲ್‌ನಲ್ಲಿರೋ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ನೋಡಿದರೆ ಆಯ್ತು, ಈಗ ತಾನೇ ಸೇರಿಸಿದ್ದು ಅದೇ ಅಲ್ವಾ?" ಒಬ್ಬರೇ ಬರೀತಿದ್ದರೆ ಹೌದು. ಶಾಲೆ ಶುರುವಾಗೋ ದಿನ ಬಾಗಿಲ ಹತ್ತಿರ ಇಬ್ಬರು ಸ್ವಯಂಸೇವಕರು ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರೆ? ನನ್ನ ಸ್ಕ್ರಿಪ್ಟ್ 41 ಬರೀತು. ನಾನು ದೊಡ್ಡ ಸಂಖ್ಯೆ ಯಾವುದು ಅಂತ ಕೇಳೋಷ್ಟರಲ್ಲಿ ಪಕ್ಕದವರ ಲ್ಯಾಪ್‌ಟಾಪ್ 42 ಬರೀತು. ಉತ್ತರ 42 ಅಂತ ಬಂತು. ಪುಟ್ಟಿ ಪುಟ್ಟ ಇಬ್ಬರೂ ಬೇರೆ ಯಾರದೋ ಮನೆ ಮಕ್ಕಳಾಗಿಬಿಟ್ಟರು. ಯಾವ ಎರರ್ ಕೂಡ ಬರೋದಿಲ್ಲ. ತೊಂದರೆ ಗೊತ್ತಾಗೋದು ಯಾರೋ ಫೋನ್ ಮಾಡಿದಾಗಲೇ.

ಕ್ಲಾಸುಗಳದ್ದು ಇನ್ನೊಂದು ಥರ. ಒಬ್ಬ ಹುಡುಗಿ ಕನ್ನಡ ಕ್ಲಾಸಿಗೂ ಬರ್ತಾಳೆ, ಯಕ್ಷಗಾನ ಕ್ಲಾಸಿಗೂ ಬರ್ತಾಳೆ. ಒಂದು ಕ್ಲಾಸಿನಲ್ಲಿ ಹತ್ತಾರು ಮಕ್ಕಳು. ಎರಡೂ ಕಡೆಯಿಂದ ಅನೇಕ. ಇದಕ್ಕೆ ಮಧ್ಯೆ ಒಂದು ಮೂರನೇ ಟೇಬಲ್ ಬೇಕು: ಮಗುವಿನ ಸಂಖ್ಯೆ ಒಂದು ಕಾಲಂ, ಕ್ಲಾಸಿನ ಸಂಖ್ಯೆ ಒಂದು ಕಾಲಂ, ಅಷ್ಟೇ. ಅದನ್ನು ಕೊನೆಗೆ ಬರೀಬೇಕು, ಯಾಕೆ ಅಂತ ಈಗ ನೀವೇ ಹೇಳ್ತೀರಿ.

ಒಂದು ಸಣ್ಣ ಚಿಹ್ನೆಯ ದೊಡ್ಡ ರಗಳೆ

ಮಂಗಳೂರಿನ ಕಡೆಯ ಡಿಸೋಜ ಕುಟುಂಬಗಳು ನಿಮಗೆ ಗೊತ್ತಿರಬಹುದು. ಇಂಗ್ಲಿಷಿನಲ್ಲಿ ಆ ಹೆಸರು ಬರೆಯುವಾಗ ಡಿ ಆದ ಮೇಲೆ ಒಂದು ಅಪಾಸ್ಟ್ರಫಿ ಬರತ್ತೆ. ಎಸ್‌ಕ್ಯೂಎಲ್ ಭಾಷೆಯಲ್ಲಿ ಅಪಾಸ್ಟ್ರಫಿ ಅಂದರೆ "ಇಲ್ಲಿಗೆ ಪದ ಮುಗೀತು" ಅಂತ ಅರ್ಥ. ಫಾರಂನಲ್ಲಿ ಬಂದ ಹೆಸರನ್ನು ಹಾಗೇ ಆಜ್ಞೆಯ ಮಧ್ಯೆ ಅಂಟಿಸಿದರೆ ಡೇಟಾಬೇಸ್ ಡಿ ಅಕ್ಷರಕ್ಕೇ ಹೆಸರು ಮುಗೀತು ಅಂದ್ಕೊಂಡು, ಉಳಿದದ್ದು ಅರ್ಥವಾಗದೆ ಗಾಬರಿಯಾಗತ್ತೆ. ಕಿಡಿಗೇಡಿಗಳು ಇದೇ ಬಾಗಿಲಿನಿಂದ ತಮ್ಮ ಆಜ್ಞೆಗಳನ್ನು ಒಳಗೆ ತೂರಿಸಿ ಡೇಟಾಬೇಸ್‌ಗಳನ್ನು ದೋಚಿದ್ದೂ ಉಂಟು. ಅದಕ್ಕೇ ಆಜ್ಞೆಯಲ್ಲಿ ಹೆಸರು ಬರಬೇಕಾದ ಜಾಗದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಹೆಸರನ್ನು ಬೇರೆಯಾಗಿ ಕೊಡ್ತೀವಿ. ಆಗ ಡೇಟಾಬೇಸ್ ಅದನ್ನು ಆಜ್ಞೆ ಅಂತ ಓದೋದಿಲ್ಲ, ಹೆಸರು ಅಂತಲೇ ಓದತ್ತೆ. ಹೆಸರು ಸರಿಯಿಲ್ಲ, ಅಪಾಸ್ಟ್ರಫಿ ತೆಗೆದು ಬರೀರಿ ಅಂತ ಹೇಳೋ ವೆಬ್‌ಸೈಟುಗಳನ್ನು ನಾನು ಒಪ್ಪೋದಿಲ್ಲ. ಹೆಸರು ಅವರದ್ದು, ಸರಿ ಮಾಡಿಕೊಳ್ಳಬೇಕಾದ್ದು ಸ್ಕ್ರಿಪ್ಟು.

ಪೆನ್ಸಿಲ್‌ನಲ್ಲಿ ಬರೆದು, ಪೆನ್ನಿನಲ್ಲಿ ತಿದ್ದಿ

ಸ್ಕ್ರಿಪ್ಟ್ ಅರ್ಧದಲ್ಲಿ ನಿಂತರೆ? ಇದು ಖಂಡಿತ ಆಗೋ ಮಾತು. ಉದಾಹರಣೆಗೆ ತಾರೀಖು. ಊರಿನಲ್ಲಿ ನಾವು ದಿನ ಮೊದಲು, ತಿಂಗಳು ಆಮೇಲೆ ಬರೆದು ಅಭ್ಯಾಸ. ಇಲ್ಲಿ ತಿಂಗಳು ಮೊದಲು. ಒಬ್ಬ ಅಪ್ಪ ಮಗನ ಹುಟ್ಟಿದ ದಿನ 25/04/2016 ಅಂತ ಬರೆದರು. ಸ್ಕ್ರಿಪ್ಟ್ 25ನೇ ತಿಂಗಳು ಎಲ್ಲಿದೆ ಅಂತ ಕೂಗಿಕೊಂಡು ಅಲ್ಲೇ ನಿಂತುಬಿಡತ್ತೆ. ಅಷ್ಟರಲ್ಲಿ ಕುಟುಂಬ ಬರೆದಾಗಿದೆ, ಅಕ್ಕನ ಸಾಲು ಬರೆದಾಗಿದೆ, ತಮ್ಮನದು ಆಗಿಲ್ಲ. ತಾರೀಖು ಸರಿ ಮಾಡಿ ಸ್ಕ್ರಿಪ್ಟ್ ಮತ್ತೆ ಓಡಿಸಿದರೆ ಕುಟುಂಬ ಇನ್ನೊಂದು ಸಲ, ಅಕ್ಕ ಇನ್ನೊಂದು ಸಲ. ಈಗ ಇಬ್ಬರು ಪುಟ್ಟಿಯರು!

ಪೋಷಕರಿಗೆ ಇಲ್ಲೊಂದು ಮಾತು: 25/04 ಬರೆದರೆ ಕಡೇಪಕ್ಷ ಸ್ಕ್ರಿಪ್ಟ್ ಕೂಗಿಕೊಳ್ಳತ್ತೆ. 04/05 ಅಂತ ಬರೆದರೆ ಏಪ್ರಿಲ್ 5 ಅಂತಲೇ ಓದಿಕೊಂಡು ಸುಮ್ಮನಾಗತ್ತೆ. ನೀವು ಮೇ 4 ಅಂದ್ಕೊಂಡಿರಬಹುದು. ಹೊಸ ಫಾರಂನಲ್ಲಿ ತಿಂಗಳಿನ ಹೆಸರನ್ನೇ ಪಟ್ಟಿಯಿಂದ ಆರಿಸಿ ಅಂತ ಕೇಳಿದರೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಅರ್ಧಂಬರ್ಧ ಬರೆಯೋ ಈ ತೊಂದರೆಗೆ ಮದ್ದು ಟ್ರಾನ್ಸಾಕ್ಷನ್. ಪರೀಕ್ಷೆಯಲ್ಲಿ ನೀವು ಮೊದಲು ಪೆನ್ಸಿಲ್‌ನಲ್ಲಿ ಬರೆದು, ಎಲ್ಲ ಸರಿ ಇದ್ದರೆ ಪೆನ್ನಿನಲ್ಲಿ ತಿದ್ದುತ್ತೀರಲ್ಲ, ಹಾಗೆ. ಒಂದು ಮನೆಯ ಎಲ್ಲ ಸಾಲುಗಳನ್ನೂ ಡೇಟಾಬೇಸ್ ಮೊದಲು ಪೆನ್ಸಿಲ್‌ನಲ್ಲಿ ಬರೆಯತ್ತೆ. ಎಲ್ಲ ಸರಿಹೋದರೆ ಸ್ಕ್ರಿಪ್ಟ್ "ಕಮಿಟ್" ಅನ್ನತ್ತೆ, ಪೆನ್ನಿನಲ್ಲಿ ಬರೆದ ಹಾಗೆ ಉಳಿಯತ್ತೆ. ಮಧ್ಯೆ ಏನಾದರೂ ಕೆಟ್ಟರೆ "ರೋಲ್‌ಬ್ಯಾಕ್", ರಬ್ಬರ್ ತಗೊಂಡು ಅಷ್ಟನ್ನೂ ಅಳಿಸಿಬಿಡತ್ತೆ. ಇಡೀ ಮನೆ ಸೇರಬೇಕು, ಇಲ್ಲಾಂದ್ರೆ ಯಾರೂ ಸೇರಬಾರದು. ಕರೆಂಟ್ ಹೋದರೂ, ಲ್ಯಾಪ್‌ಟಾಪ್ ಬ್ಯಾಟರಿ ಮುಗಿದರೂ ಇದೇ ನಿಯಮ. ಈ ವಿಚಾರವನ್ನು ಗಟ್ಟಿಯಾಗಿ ಕಟ್ಟಿದವರಲ್ಲಿ ಮುಖ್ಯರು ಜಿಮ್ ಗ್ರೇ. ಅದಕ್ಕಾಗಿ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. ಬ್ಯಾಂಕಿನಲ್ಲಿ ನಿಮ್ಮ ಅಪ್ಪ ಊರಿನ ಅಜ್ಜಿಗೆ ದುಡ್ಡು ಕಳಿಸುವಾಗಲೂ ಇದೇ ಉಪಾಯ ಕೆಲಸ ಮಾಡತ್ತೆ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ದುಡ್ಡು ಹಾಕುವಾಗ ಇಲ್ಲಿ ಕಳೆದು ಅಲ್ಲಿ ಕೂಡದೇ ಹೋಗೋ ಹಾಗೆ ಆಗಬಾರದಲ್ಲ.

ಟ್ರಾನ್ಸಾಕ್ಷನ್ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೆ ಯೋಚನೆ ಬೇಕು. ಎಲ್ಲ ಮನೆಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕಿದರೆ ಒಬ್ಬರ ತಾರೀಖು ತಪ್ಪಾದ್ದಕ್ಕೆ ಎಲ್ಲರ ನೋಂದಣಿಯೂ ಅಳಿಸಿಹೋಗತ್ತೆ. ನನ್ನ ಲೆಕ್ಕದಲ್ಲಿ ಒಂದು ಮನೆಗೆ ಒಂದು ಟ್ರಾನ್ಸಾಕ್ಷನ್ ಸರಿ. ಕೆಟ್ಟ ಫಾರಂ ಪಕ್ಕಕ್ಕಿಟ್ಟು ಮುಂದಿನ ಮನೆಗೆ ಹೋಗಬಹುದು.

ನಿದ್ದೆ ಮಾಡೋ ವಾಚ್‌ಮನ್

ಮಕ್ಕಳ ಟೇಬಲ್‌ನಲ್ಲಿ 41 ಅಂತ ಬರೆದರೆ, ಕುಟುಂಬದ ಟೇಬಲ್‌ನಲ್ಲಿ 41 ಇದೆಯೇ ಅಂತ ಡೇಟಾಬೇಸ್ ನೋಡಬೇಕು. ಇಲ್ಲದಿದ್ದರೆ ಒಳಗೆ ಬಿಡಬಾರದು. ಅಪಾರ್ಟ್‌ಮೆಂಟ್ ಗೇಟಿನಲ್ಲಿ ವಾಚ್‌ಮನ್ "ಯಾವ ಫ್ಲಾಟು?" ಅಂತ ಕೇಳೋ ಹಾಗೆ. ಹೆಚ್ಚಿನ ಡೇಟಾಬೇಸ್‌ಗಳಲ್ಲಿ, ಫಾರಿನ್ ಕೀ ಅಂತ ಬರೆದಿಟ್ಟರೆ ಈ ವಾಚ್‌ಮನ್ ಎದ್ದೇ ಇರ್ತಾನೆ. ಎಸ್‌ಕ್ಯೂಲೈಟ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಮಲಗಿರ್ತಾನೆ! ರಿಚರ್ಡ್ ಹಿಪ್ ಅನ್ನೋರು 2000ದಲ್ಲಿ ಹೊರತಂದ ಈ ಪುಟ್ಟ ಡೇಟಾಬೇಸ್ ನಿಮ್ಮ ಮನೆಯ ಪ್ರತಿ ಸ್ಮಾರ್ಟ್‌ಫೋನ್ ಒಳಗೂ ಇದೆ. ಅದರಲ್ಲಿ ಫಾರಿನ್ ಕೀ ಕಾವಲು ಬಂದದ್ದು 2009ರಲ್ಲಿ. ಅಷ್ಟೊತ್ತಿಗೆ ಜಗತ್ತಿನ ತುಂಬ ಹಳೇ ಪ್ರೋಗ್ರಾಂಗಳಿದ್ದವು, ಅವು ಕೆಡಬಾರದು ಅಂತ ಕಾವಲನ್ನು ಆಫ್ ಮಾಡಿಯೇ ಇಟ್ಟರು. ಹಾಗಾಗಿ ಸ್ಕ್ರಿಪ್ಟ್ ಪ್ರತಿ ಸಲ ಡೇಟಾಬೇಸ್ ತೆರೆದ ಕೂಡಲೇ "ಪ್ರಾಗ್ಮಾ ಫಾರಿನ್ ಕೀಸ್ ಆನ್" ಅನ್ನೋ ಆಜ್ಞೆ ಕೊಟ್ಟು ಅವನನ್ನು ಎಬ್ಬಿಸಬೇಕು.

ಮುಂದಿನ ವರ್ಷ

ಸೇರಿಸೋದಕ್ಕಿಂತ ತಿದ್ದೋದು ಕಷ್ಟ. ಎರಡನೇ ವರ್ಷ ಅದೇ ಮನೆಯವರು ಮತ್ತೆ ಫಾರಂ ತುಂಬ್ತಾರೆ. ಅಮ್ಮನ ಫೋನ್ ಬದಲಾಗಿದೆ. ಅಪ್‌ಡೇಟ್ ಆಜ್ಞೆಗೆ ಮೂರು ಭಾಗ: ಯಾವ ಟೇಬಲ್, ಏನನ್ನು ಏನಾಗಿ ಬದಲಿಸಬೇಕು, ಮತ್ತು ಯಾವ ಸಾಲಿನಲ್ಲಿ. ಆ ಮೂರನೇ ಭಾಗಕ್ಕೆ "ವೇರ್" ಅನ್ನುತ್ತಾರೆ. "ವೇರ್ ಕುಟುಂಬ ಸಂಖ್ಯೆ 41" ಅಂತ ಬರೆಯೋದು ಮರೆತರೆ ಡೇಟಾಬೇಸ್ ಏನೂ ಕೇಳದೆ ಎಲ್ಲ ಕುಟುಂಬಗಳಿಗೂ ಅದೇ ಫೋನ್ ನಂಬರ್ ಹಾಕಿಬಿಡತ್ತೆ. ಆ ಒಬ್ಬ ಅಮ್ಮನಿಗೆ ವರ್ಷಪೂರ್ತಿ ಎಲ್ಲ ಮಕ್ಕಳ ಜ್ವರದ ಸುದ್ದಿ. ಅದಕ್ಕೇ ಅನುಭವಸ್ಥರು ಮೊದಲು ಅದೇ "ವೇರ್" ಹಾಕಿ ಸಾಲುಗಳನ್ನು ಬರೀ ಓದಿ ನೋಡ್ತಾರೆ. ಒಂದೇ ಸಾಲು ಬಂತಾ? ಸರಿ, ಈಗ ತಿದ್ದು.

ಸ್ಕ್ರಿಪ್ಟಿಗೆ ಇನ್ನೊಂದು ಪ್ರಶ್ನೆ ಇದೆ: ಈ ಫಾರಂ ಹಳಬರದ್ದಾ ಹೊಸಬರದ್ದಾ? ಹಳಬರಾದರೆ ಅಪ್‌ಡೇಟ್, ಹೊಸಬರಾದರೆ ಇನ್ಸರ್ಟ್. ಎಸ್‌ಕ್ಯೂಲೈಟ್‌ನಲ್ಲಿ ಇದಕ್ಕೆ ಎರಡು ದಾರಿ ಇದೆ, ನೋಡೋಕೆ ಒಂದೇ ಥರ. ಮೊದಲನೆಯದು "ಇನ್ಸರ್ಟ್ ಆರ್ ರಿಪ್ಲೇಸ್". ಚಿಕ್ಕದು, ನೆನಪಿಡೋಕೆ ಸುಲಭ, ತುಂಬ ಜನ ಬಳಸ್ತಾರೆ. ಆದರೆ ಅದು ಹಳೇ ಸಾಲನ್ನು ತಿದ್ದೋದಿಲ್ಲ! ಕಿತ್ತು ಬಿಸಾಕಿ ಹೊಸ ಸಾಲು ಬರೆಯತ್ತೆ. ಇಮೇಲ್ ನೋಡಿ ಗುರುತು ಹಿಡಿದಿದ್ದರೆ ಹೊಸ ಸಾಲಿಗೆ ಹೊಸ ಸಂಖ್ಯೆ, 73 ಅನ್ನಿ. ಮಕ್ಕಳ ಟೇಬಲ್‌ನಲ್ಲಿ ಪುಟ್ಟಿ ಪುಟ್ಟ ಇನ್ನೂ 41 ಅಂತಲೇ ಹೇಳ್ತಿದ್ದಾರೆ. 41 ಈಗ ಇಲ್ಲವೇ ಇಲ್ಲ. ವಾಚ್‌ಮನ್ ಎದ್ದಿದ್ದರೆ "ಮಕ್ಕಳಿದ್ದಾರೆ, ತೆಗೆಯೋಕೆ ಬಿಡಲ್ಲ" ಅಂತ ತಡೀತಾನೆ. ಮಲಗಿದ್ದರೆ ಮಕ್ಕಳು ಅನಾಥ. "ಕುಟುಂಬ ಹೋದರೆ ಮಕ್ಕಳನ್ನೂ ಅಳಿಸು" ಅಂತ ಮೊದಲೇ ಹೇಳಿಟ್ಟಿದ್ದರೆ ಇನ್ನೂ ಕಷ್ಟ, ಅಲರ್ಜಿ ಸಮೇತ ಇಬ್ಬರೂ ಮಾಯ. ಇಷ್ಟೆಲ್ಲ ಆಗಿದ್ದು ಒಂದು ಫೋನ್ ನಂಬರ್ ಬದಲಾಯಿಸೋಕೆ ಹೋಗಿ.

ಸರಿಯಾದದ್ದು ಎರಡನೆಯ ದಾರಿ, "ಆನ್ ಕಾನ್‌ಫ್ಲಿಕ್ಟ್ ಡೂ ಅಪ್‌ಡೇಟ್". 2018ರಿಂದ ಎಸ್‌ಕ್ಯೂಲೈಟ್‌ನಲ್ಲಿದೆ, ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೂ ಮೊದಲಿಂದ ಇದೆ. ಇದು ಇರೋ ಸಾಲನ್ನು ಅಲ್ಲೇ ಉಳಿಸಿಕೊಂಡು ನಾವು ಹೇಳಿದ ಕಾಲಂ ಮಾತ್ರ ತಿದ್ದತ್ತೆ. 41 ಹಾಗೇ ಉಳಿಯತ್ತೆ. ಇದನ್ನು ಬಳಸಿದ ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದರೂ, ಹತ್ತು ಸಲ ಓಡಿಸಿದರೂ ಒಬ್ಬಳೇ ಪುಟ್ಟಿ, ಒಬ್ಬನೇ ಪುಟ್ಟ. ನನಗಂತೂ ಸ್ಕ್ರಿಪ್ಟ್ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಇದೇ ಪರೀಕ್ಷೆ: ಎರಡನೇ ಸಲ ಓಡಿಸಿ ನೋಡು, ಏನೂ ಬದಲಾಗಬಾರದು.

ಖಾಲಿ ಬಿಟ್ಟ ಕಾಲಂ ಬಗ್ಗೆ ಹೇಳಲೇಬೇಕು. ಮೊದಲ ವರ್ಷ ಅಮ್ಮ "ಕಡಲೆಕಾಯಿ ಅಲರ್ಜಿ" ಅಂತ ಬರೆದರು. ಎರಡನೇ ವರ್ಷ "ಹೋದ ಸಲವೇ ಹೇಳಿದ್ದೀವಲ್ಲ" ಅಂತ ಖಾಲಿ ಬಿಟ್ಟರು. ಸ್ಕ್ರಿಪ್ಟಿಗೆ ಆ ಖಾಲಿ ಜಾಗದ ಅರ್ಥ ಏನು? ಅಲರ್ಜಿ ಹೋಯ್ತು ಅಂತಲೋ, ಏನೂ ಹೇಳಿಲ್ಲ ಅಂತಲೋ? ಬಂದದ್ದನ್ನು ಹಾಗೇ ಬರೆಯೋ ಸ್ಕ್ರಿಪ್ಟ್ ಕಡಲೆಕಾಯಿಯನ್ನು ಅಳಿಸಿ ಖಾಲಿ ಮಾಡತ್ತೆ. ಆದ್ದರಿಂದ ಖಾಲಿ ಬಂದರೆ ಹಳೆಯದನ್ನೇ ಇಟ್ಟುಕೋ ಅಂತ ಹೇಳಬೇಕು. ಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ "ಕೋಅಲೆಸ್" ಅನ್ನೋ ಪದ ಇದೆ, ಕೊಟ್ಟವುಗಳಲ್ಲಿ ಬರೆದೇ ಇಲ್ಲದ್ದನ್ನು ಬಿಟ್ಟು ಮೊದಲು ಸಿಕ್ಕಿದ್ದನ್ನು ತಗೊಳ್ಳತ್ತೆ. ಆದರೆ ಡೇಟಾಬೇಸ್‌ಗೆ "ನಲ್" ಬೇರೆ, ಅಕ್ಷರವೇ ಇಲ್ಲದ ಖಾಲಿ ಬರಹ ಬೇರೆ. ಕೋಅಲೆಸ್ ಬಿಟ್ಟು ಮುಂದೆ ಹೋಗೋದು ನಲ್ ಅನ್ನು ಮಾತ್ರ. ಫಾರಂನಿಂದ ಬರೋದು ಸಾಮಾನ್ಯವಾಗಿ ಖಾಲಿ ಬರಹ. ಸ್ಕ್ರಿಪ್ಟ್ ಮೊದಲು ಅದನ್ನು ನಲ್ ಮಾಡಿಕೊಳ್ಳಬೇಕು.

ಎಲ್ಲ ಮುಗಿದ ಮೇಲೆ ಎಣಿಕೆ. ಫಾರಂಗಳಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷದ ಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಕುಟುಂಬ ಸಿಗದ ಮಗು ಯಾರಾದರೂ ಇದ್ದಾರಾ? ಮಕ್ಕಳಿಲ್ಲದ ಕುಟುಂಬ ಯಾಕಿದೆ? ಈ ಮೂರು ಪ್ರಶ್ನೆಗೆ ಎರಡು ನಿಮಿಷ ಸಾಕು. ಮತ್ತೆ, ಸ್ಕ್ರಿಪ್ಟ್ ಓಡಿಸೋ ಮೊದಲು ಡೇಟಾಬೇಸ್‌ನ ಒಂದು ನಕಲು. ಎಸ್‌ಕ್ಯೂಲೈಟ್ ಡೇಟಾಬೇಸ್ ಅಂದರೆ ಒಂದೇ ಒಂದು ಫೈಲ್, ಯಾರೂ ಅದರಲ್ಲಿ ಬರೆಯದೇ ಇರುವಾಗ ಕಾಪಿ ಮಾಡಿ ಹೆಸರಿನ ಮುಂದೆ ತಾರೀಖು ಹಾಕಿದರೆ ಆಯ್ತು.

ನಿಮಗೆ ಮಾಡಿ ನೋಡಬೇಕು ಅನ್ನಿಸಿದರೆ ಪೈಥಾನ್ ಹಾಕಿರೋ ಯಾವ ಕಂಪ್ಯೂಟರ್ ಆದರೂ ಸಾಕು, ಎಸ್‌ಕ್ಯೂಲೈಟ್ ಅದರ ಜೊತೆಗೇ ಬರತ್ತೆ. ನಿಮ್ಮ ನೆಂಟರನ್ನೇ ತಗೊಳ್ಳಿ. ಮನೆಗಳದ್ದು ಒಂದು ಟೇಬಲ್: ಮೈಸೂರಿನ ಅಜ್ಜಿ ಮನೆ, ದೊಡ್ಡಪ್ಪನ ಮನೆ, ಸೋದರಮಾವನ ಮನೆ. ಜನರದ್ದು ಇನ್ನೊಂದು. ಮೊದಲು ಮನೆ ಸೇರಿಸಿ, ಸಂಖ್ಯೆ ಹಿಡಿದು, ಆಮೇಲೆ ಜನರನ್ನು ಸೇರಿಸಿ. ಬೇಕಂತಲೇ ಇಲ್ಲದ ಮನೆಯ ಸಂಖ್ಯೆ ಹಾಕಿ ನೋಡಿ, ವಾಚ್‌ಮನ್ ಮಲಗಿದ್ದಾಗ ಏನಾಗತ್ತೆ, ಎದ್ದಿದ್ದಾಗ ಏನಾಗತ್ತೆ. ಚಿಕ್ಕಮ್ಮನಿಗೆ ಮದುವೆಯಾಗಿ ಅಜ್ಜಿ ಮನೆಯಿಂದ ಬೇರೆ ಮನೆಗೆ ಹೋದರೆ ಎಷ್ಟು ಸಾಲು ತಿದ್ದಬೇಕು? ಒಂದೇ. ಅದರಲ್ಲಿ ಒಂದೇ ಸಂಖ್ಯೆ.

ಪೋಷಕರೇ, ಈ ಆಗಸ್ಟ್‌ನ ಫಾರಂನಲ್ಲಿ ಮೇಲ್ಗಡೆ "ಕುಟುಂಬ ಸಂಖ್ಯೆ" ಅಂತ ಒಂದು ಪೆಟ್ಟಿಗೆ ಇರತ್ತೆ. ಹಳಬರಿಗೆ ಅದು ಇಮೇಲ್‌ನಲ್ಲಿ ಬರತ್ತೆ, ಅಕ್ಕನ ಫಾರಂಗೂ ತಮ್ಮನ ಫಾರಂಗೂ ಅದೇ ಸಂಖ್ಯೆ ಹಾಕಿ. ಅಲರ್ಜಿ ಇಲ್ಲದಿದ್ದರೆ ಖಾಲಿ ಬಿಡಬೇಡಿ, "ಇಲ್ಲ" ಅಂತ ಬರೆಯಿರಿ.